ಕಾಗೆ ಮುಟ್ಟದ ಎಡೆ

ಕೆರಾಡಿ ದಾಟಿದ ಮೇಲೆ ಬಸ್ಸು ಕಡೆಯ ಸಲ ಹಾರ್ನ್ ಹೊಡೆಯುವ ಒಂದು ತಿರುವಿದೆ. ಆ ತಿರುವಿನ ಕೆಳಬದಿಯ ಹಂಚಿನ ಮನೆ ಗುಲಾಬಿಯದು. ಕೊಡೇರಿಯ ಕಡಲ ಕರೆಯಲ್ಲಿ ಹುಟ್ಟಿ, ತಲೆ ಮೇಲೆ ಮೀನಿನ ಬುಟ್ಟಿ ಹೊತ್ತು ಬೆಳೆದ ಮೊಗವೀರರ ಹೆಂಗಸು ಕಾಡಿನ ಬಾಯಲ್ಲಿ ಬಂದು ಕೂತದ್ದು ಎಂತಕ್ಕೆ ಅಂತ ಯಾರಾದರೂ ಕೇಳಿದರೆ ಅವಳು ಗಂಡನ ಕಡೆ ಬೊಟ್ಟು ಮಾಡುತ್ತಿದ್ದಳು. ಈಗ ಬೊಟ್ಟು ಮಾಡಲು ಗಂಡನೂ ಇಲ್ಲ.

ಗಂಡನ ಹೆಸರು ಚಂದಯ್ಯ. ಪ್ರಾಯದಲ್ಲಿ ಅಣ್ಣನ ಜೊತೆ ದೋಣಿಗೆ ಹೋಗುತ್ತಿದ್ದವನು. ಒಂದು ಮಳೆಗಾಲದ ಸುರುವಿಗೆ ಅಳಿವೆ ಬಾಯಲ್ಲಿ ದೋಣಿ ಮಗುಚಿ ಜೊತೆಯವರಿಬ್ಬರು ಹೋದರು, ಇವನು ಉಳಿದ. ಉಳಿದವನು ದಡಕ್ಕೆ ಬಂದು, ಒದ್ದೆ ಪಂಚೆ ಹಿಂಡಿಕೊಂಡು, ಕಡಲಿಗೆ ಬೆನ್ನು ಹಾಕಿ ನಡೆದ. ಮತ್ತೆ ತಿರುಗಿ ನೋಡಲಿಲ್ಲ. ಅರಣ್ಯ ಇಲಾಖೆಯ ನೆಡುತೋಪಿಗೆ ವಾಚರ್ ಬೇಕು ಅಂದರು, ಹೋಗಿ ಸೇರಿಕೊಂಡ. ಕಡಲು ಕಣ್ಣಿಗೆ ಕಾಣಬಾರದು, ಕಿವಿಗೆ ಕೇಳಬಾರದು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಮೀನು ಮಾತ್ರ ಬಿಡಲಿಲ್ಲ ಪುಣ್ಯಾತ್ಮ! ಮೀನಿನವನ ಸೈಕಲ್ಲಿನ ಹಾರ್ನ್ ಕೇಳಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ಓಡುತ್ತಿದ್ದ. ಬಂಗಡೆ ಇಲ್ಲದ ದಿನ ಮುಖ ಊದಿಸಿಕೊಂಡು ಉಣ್ಣುತ್ತಿದ್ದ. ಮಕ್ಕಳಾಗಲಿಲ್ಲ. ಹರಕೆ ಹೇಳಿಕೊಳ್ಳಿ, ಔಷಧಿ ಮಾಡಿ ಅಂತ ಹೇಳುವವರೆಲ್ಲ ಹೇಳಿ ಹೇಳಿ ಸುಸ್ತಾದರು. ಇಬ್ಬರೇ ಇದ್ದರು, ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದರು.

ಮನೆಯ ಹಿಂದೆ ಒಂದು ಹಾಡಿ. ಹಾಡಿ ಅಂದರೆ ಕಾಡಿನ ತುಂಡು. ಅದರ ಸುತ್ತ ಗೇರು, ರಬ್ಬರು, ಗದ್ದೆ. ದೊಡ್ಡ ಕಾಡು ಇರುವುದು ರಸ್ತೆಯ ಮೇಲ್ಬದಿಗೆ, ಅಲ್ಲಿಂದ ಘಟ್ಟದವರೆಗೂ ಅದೇ. ಮೊದಲು ರಸ್ತೆ ಸಪೂರ ಇತ್ತು. ಎರಡೂ ಬದಿಯ ಮರಗಳು ಮೇಲೆ ಕೊಂಬೆಗೆ ಕೊಂಬೆ ಕೊಟ್ಟು ನಿಂತಿದ್ದವು. ಸಿಂಗಳೀಕಗಳ ಗುಂಪು ಬೆಳಿಗ್ಗೆ ಆ ದಾರಿಯಲ್ಲೇ ಹಾಡಿಗೆ ಬಂದು, ಹಲಸೋ ಹೆಬ್ಬಲಸೋ ತಿಂದು, ಸಂಜೆ ಅದೇ ದಾರಿಯಲ್ಲಿ ಮೇಲೆ ಹೋಗುತ್ತಿತ್ತು. ಕಪ್ಪು ಮೈ, ಮುಖದ ಸುತ್ತ ಬಿಳಿ ಗಡ್ಡ, ಬಾಲದ ತುದಿಗೊಂದು ಕುಚ್ಚು. ನೆಲಕ್ಕಿಳಿದು ತಿರುಗುವ ಜಾತಿಯಲ್ಲ ಅದು. 2005ರಲ್ಲಿ ರಸ್ತೆ ಅಗಲ ಮಾಡುತ್ತೇವೆ ಅಂತ ಯಂತ್ರ ತಂದರು. ಮರ ಬೀಳುವ ಗಲಾಟೆಗೆ ಗುಂಪು ಮೇಲಿನ ಕಾಡಿಗೆ ಓಡಿತು. ಒಂದು ಗಂಡು, ಒಂದು ಹೆಣ್ಣು ಮಾತ್ರ ಹಾಡಿಯ ಕಡೆ ಬಾಕಿಯಾದವು.

"ನಡು ಕಡ್ದ್ ಹಾಕಿರ್," ಅಂದ ಚಂದಯ್ಯ ಅಂಗಳದಲ್ಲಿ ನಿಂತು. "ಇನ್ ಇವ್ಕೆ ಹೋಪ್ಕೆ ದಾರಿ ಎಲ್ಲಿತ್?"

ಸ್ವಲ್ಪ ದಿನಕ್ಕೆ ಹೆಣ್ಣು ಧೈರ್ಯ ಮಾಡಿ ನೆಲಕ್ಕಿಳಿದು ರಸ್ತೆ ದಾಟಲು ಹೋಯಿತು, ಲಾರಿಯ ಅಡಿಗೆ ಬಿತ್ತು. ಚಂದಯ್ಯ ಅದನ್ನು ಗೋಣಿಚೀಲದಲ್ಲಿ ಎತ್ತಿಕೊಂಡು ಬಂದು ಹಾಡಿಯ ಬದಿಯಲ್ಲಿ ಹುಗಿದ. ಮಿಂದು ಬಂದವನು ಉಣ್ಣಲಿಲ್ಲ, ಅದೂ ಬಂಗಡೆ ಇದ್ದ ದಿನ. ಮರದ ಮೇಲಿನ ಗಂಡು ಸಂಜೆಯವರೆಗೆ 'ಕೂ' ಅಂತ ಕೂಗುತ್ತಲೇ ಇತ್ತು. ಮೇಲಿನ ಕಾಡಿನಿಂದ ಗುಂಪು ಕೂಗಿಗೆ ಕೂಗು ಕೊಟ್ಟಿತು. ನಡುವೆ ಲಾರಿಗಳು ಹೋಗುತ್ತಿದ್ದವು.

ಮರುವರ್ಷ ಹಲಸಿನ ಕಾಲದಲ್ಲಿ ಚಂದಯ್ಯ ತೋಪಿನಿಂದ ಬಂದು, ಎದೆ ಹಿಡಿದುಕೊಂಡು ಜಗಲಿಯಲ್ಲಿ ಕೂತು ನೀರು ಕೇಳಿದ. ಗುಲಾಬಿ ಚೊಂಬು ತರುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಕೊಡೇರಿಯಿಂದ ಅವನ ಅಣ್ಣ ಮುತ್ತ ಟೆಂಪೊ ಮಾಡಿಕೊಂಡು ನೆಂಟರನ್ನೆಲ್ಲ ಕರೆತಂದ. ಸತ್ತವನಿಗೆ ಇಷ್ಟವಾದದ್ದನ್ನೆಲ್ಲ, ಅಂದರೆ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಹಲಸಿನ ಹಣ್ಣಿನ ಕಡುಬು, ಬಾಳೆ ಎಲೆಯಲ್ಲಿ ಬಡಿಸಿ, ಆ ಎಡೆಯನ್ನು ಅಂಗಳದ ಕೊಡಿಯಲ್ಲಿಟ್ಟು ಹಿಂದೆ ಸರಿದು ನಿಂತರು. ಕಾಗೆ ಬಂದು ಮುಟ್ಟಿದರೆ ಸತ್ತವನು ಉಂಡ ಹಾಗೆ. ಮುಟ್ಟದಿದ್ದರೆ ಅವನದು ಎಂತದೋ ಆಸೆ ಉಳಿದಿದೆ ಅಂತ ಅರ್ಥ. ಕಾದರು. ಮುತ್ತ ಕಾ ಕಾ ಅಂತ ಕರೆದೂ ಕರೆದ. ನೆಂಟರ ಮಕ್ಕಳು ಹಸಿದು ರಾಗ ಎಳೆಯಲು ಸುರು ಮಾಡಿದವು. ಕಾಗೆ ಇಲ್ಲ. ಅಲ್ಲ ಮಾರಾಯ್ರೆ, ಮೀನು ಒಣಗಿಸುವಲ್ಲಿ ಕಾಗೆ ಓಡಿಸಿ ಓಡಿಸಿ ಕೈ ಸೋತ ಜನ ಇವರು. ಕಾಗೆಯೇ ಇಲ್ಲದ ಜಾಗ ಅಂತ ಒಂದು ಇರಬಹುದು ಅಂತ ಒಬ್ಬರ ತಲೆಗಾದರೂ ಹೊಳೆಯಬೇಡವಾ? ಆ ತಿರುವಿನವರಿಗೆ ಕಾಗೆ ಕಾಣಬೇಕಾದರೆ ಕೆರಾಡಿ ಪೇಟೆಗೆ ಹೋಗಬೇಕು. ಗುಲಾಬಿಗೂ ಅದು ಹೊಳೆಯಲಿಲ್ಲ. ಗಂಡ ಸತ್ತು ದಿನ ಎಷ್ಟಾಯಿತು, ಅವಳಿಗೆಲ್ಲಿ ಹೊಳೆಯಬೇಕು?

"ಅವ್ನಿಗೆ ಎಂತದೋ ಆಸೆ ಉಳ್ದಿತ್," ಅಂದ ಮುತ್ತ. ಎಲ್ಲರೂ ಗುಲಾಬಿಯ ಮುಖ ನೋಡಿದರು, ಅವಳೇ ಎಂತದೋ ಕಡಿಮೆ ಮಾಡಿದ ಹಾಗೆ.

ಆಗ ಅಂಗಳದ ಹಲಸಿನ ಮರದಿಂದ ಆ ಒಂಟಿ ಸಿಂಗಳೀಕ ಇಳಿದು ಬಂತು. ಅಂಜುತ್ತಾ ಅಂಜುತ್ತಾ ನೆಲದ ಮೇಲೆ ನಡೆದು ಎಡೆಯ ಮುಂದೆ ಕೂತು, ಕಡುಬಿನ ಎಲೆ ಬಿಡಿಸಿ ತಿಂದಿತು, ಅನ್ನ ತಿಂದಿತು. ಮೀನು ಮುಟ್ಟಲಿಲ್ಲ. ಗುಲಾಬಿಯ ಕಣ್ಣು ಅದರ ಬಿಳಿ ಗಡ್ಡದ ಮೇಲೆ ಬಿತ್ತು. ಚಂದಯ್ಯ ಕ್ಷೌರಕ್ಕೆ ಸೋಮಾರಿ, ಅವನ ಮುಖದಲ್ಲಿಯೂ ಯಾವಾಗಲೂ ಬೆಳ್ಳಗೆ ಗಡ್ಡ ಇರುತ್ತಿತ್ತು.

"ಬಂದ್ರ್," ಅಂದಳು ಗುಲಾಬಿ.

ಅಲ್ಲ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಎಲ್ಲರಿಗೂ ಹೊಟ್ಟೆ ಹಸಿದಿತ್ತು ಬೇರೆ. ಉಂಡರು, ಟೆಂಪೊ ಹತ್ತಿದರು.

ಅಮಾವಾಸ್ಯೆಗೋ ವರ್ಷಾಂತಕ್ಕೋ ಇಡುವ ಎಡೆಯನ್ನು ಗುಲಾಬಿ ಅಲ್ಲಿಂದ ಮೇಲೆ ದಿನಾ ಇಟ್ಟಳು. ಅಕ್ಕಿ ಅಳೆಯುವಾಗ ಅವಳ ಕೈ ತಡೆಯಲಿಲ್ಲ, ಹಿಂದಿನಿಂದ ಬಂದ ಇಬ್ಬರ ಅಳತೆಯೇ ನಡೆಯಿತು. ಮಧ್ಯಾಹ್ನ ಎಲೆ ಇಟ್ಟು ಜಗಲಿಯ ಮೇಲೆ ತಾನೂ ತಟ್ಟೆ ಹಿಡಿದು ಕೂರುವಳು. "ಉಪ್ಪ್ ಹೆಚ್ಚಾಯ್ತಾ? ಬಾಯ್ ಬಿಟ್ ಹೇಳುಕಾತಿಲ್ಯಾ ನಿಮ್ಗೆ?" ಅಂತ ಗದರುವಳು. ಮಳೆ ಸುರಿಯುವ ದಿನ ಸಿಂಗಳೀಕ ಮಾಡಿನ ಅಡಿ ಬಂದು ಕೂತರೆ, "ಈಗ ನೆನಪಾಯ್ತಾ ಮನಿ?" ಅಂತ ಮೂದಲಿಸುವಳು. ಎಲೆಯ ಬದಿಗೆ ಬಂಗಡೆಯ ತುಂಡೊಂದನ್ನು ದಿನಾ ಇಡುವಳು, ಅದು ದಿನಾ ಹಾಗೇ ಉಳಿಯುವುದು. ಕಾಡಿಗೆ ಬಂದು ಇವರಿಗೆ ಮೀನಿನ ರುಚಿ ಬಿಟ್ಟಿತು ಅಂತ ತನ್ನನ್ನು ತಾನೇ ಒಪ್ಪಿಸಿಕೊಂಡಳು. ಎಲ್ಲಿಂದಲೋ ಬರುವ ಕಳ್ಳ ಬೆಕ್ಕೊಂದು ಆ ಮೀನು ತಿಂದು ಕೊಬ್ಬಿತು. ಕೊಡೇರಿಗೆ ಬಂದು ಇರು ಅಂತ ಮುತ್ತ ಹೇಳಿ ಕಳಿಸಿದ, ಅವಳು ಹೋಗಲಿಲ್ಲ. ಇವರೊಬ್ಬರನ್ನೇ ಬಿಟ್ಟು ಹೇಗೆ ಹೋಗುವುದು ಅಂತ ಅವಳ ಚಿಂತೆ.

ಮೂರು ವರ್ಷ ಹೀಗೆ ಕಳೆಯುತ್ತಾ ಬಂತು. ಆಗ ಬ್ರಹ್ಮಾವರದಿಂದ ಪ್ರಣೀತಾ ಅಂತ ಒಬ್ಬಳು ಹುಡುಗಿ ಬಂದಳು. ಕಾಡುಪ್ರಾಣಿಗಳ ಬಗ್ಗೆ ಓದಿದವಳು, ಇಲಾಖೆಯವರನ್ನು ಒಪ್ಪಿಸಿಕೊಂಡು, ನಾಲ್ಕು ಜನ ಆಳುಗಳ ಜೊತೆ ಜೀಪಿನಿಂದ ಇಳಿದಳು.

"ಗುಲಾಬಕ್ಕ, ತುಂಡಾದ್ ಕಾಡ್ನ ಮತ್ತೆ ಕೂಡ್ಸುದ್," ಅಂತ ಜಗಲಿಯಲ್ಲಿ ಕೂತು ವಿವರಿಸಿದಳು. "ರಸ್ತೆ ಎರಡ್ ಬದಿಗೂ ಹೆಬ್ಬಲ್ಸು, ಧೂಪ, ರೆಂಜೆ ಎಲ್ಲ ನೆಡುದ್. ಅದ್ ಬೆಳ್ದ್ ಕೊಂಬಿಗೆ ಕೊಂಬಿ ಮುಟ್ಟುವರಿಗೆ ಮೇಲಂದ್ ಹಗ್ಗದ್ ಸಂಕ ಕಟ್ಟುದ್. ಇಲ್ಲಿ ಸಿಕ್ಕಿಹಾಕಿಕೊಂಡದ್ದ್ ದಾಟಿ ಗುಂಪಿಗೆ ಸೇರ್ತ್."

"ಮಂಗಕ್ಕೆ ಸಂಕವಾ?" ಅಂತ ನಗಾಡಿದಳು ಗುಲಾಬಿ. ತೋಡು ದಾಟುವ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ, ಅವಳಿಗೆ ಗೊತ್ತು, ಇದು ಹೊಸತು. ಗಂಗೊಳ್ಳಿ ಬಂದರಿನಿಂದ ದೋಣಿಯ ದಪ್ಪ ಹಗ್ಗ ತಂದು, ಏಣಿಯ ಹಾಗೆ ಹೆಣೆದು, ಅವಳ ಅಂಗಳದ ಹಲಸಿನ ಮರದಿಂದ ರಸ್ತೆಯಾಚೆಯ ಧೂಪದ ಮರಕ್ಕೆ ಬಿಗಿದರು. ಆಳುಗಳಿಗೆ ಅವಳೇ ಚಾ ಮಾಡಿಕೊಟ್ಟಳು. ನೆಟ್ಟ ಗಿಡಗಳಿಗೆ ಅವಳೇ ನೀರು ಹೊತ್ತಳು. ಚಂದಯ್ಯ ಇದ್ದಿದ್ದರೆ ಇದನ್ನೇ ಮಾಡುತ್ತಿದ್ದ ಅಂತ ಅವಳಿಗೆ ಖುಷಿ. ಯಾರಿಗಾಗಿ ಸಂಕ ಕಟ್ಟಿದ್ದಾರೆ ಅಂತ ಮಾತ್ರ ಅವಳು ಯೋಚನೆ ಮಾಡಲಿಲ್ಲ.

ಕೆಂದಳಿಲು ದಾಟಿತು. ಮುಸುವಗಳು ದಾಟಿದವು. ಸಿಂಗಳೀಕ ಬೆಳಿಗ್ಗೆ ಹಗ್ಗದ ತುದಿಯವರೆಗೆ ಹೋಗಿ ಕೂತು, ಮೇಲಿನ ಗುಂಪಿನ ಕೂಗು ಕೇಳುವುದು, ತಾನೂ ಕೂಗುವುದು, ಊಟದ ಹೊತ್ತಾಗುತ್ತಲೂ ಇಳಿದು ಎಡೆಯ ಮುಂದೆ ಬಂದು ಹಾಜರಿ ಹಾಕುವುದು. ಪ್ರಣೀತಾ ವಾರಗಟ್ಟಲೆ ನೋಡಿದಳು. ಕಡೆಗೆ ಮೆಲ್ಲ ಬಂದು ಬಾಗಿಲಲ್ಲಿ ನಿಂತಳು.

"ಗುಲಾಬಕ್ಕ, ಎಡೆ ಇಡುದ್ ನಿಲ್ಲಿಸ್ಕ್ ಕಾಣಿ. ಇಲ್ಲಿ ಹೊಟ್ಟಿ ತುಂಬುವರಿಗೆ ಅದ್ ಸಂಕ ಹತ್ತುದಿಲ್ಲೆ."

"ಹ್ವಾಯ್! ನನ್ ಗಂಡಂಗೆ ನಾ ಅನ್ನ ಇಡುದ್. ಬೇಡ ಅಂಬುಕೆ ನೀ ಯಾರ್ ಹೆಣೆ?"

"ಅದ್ ಸಿಂಗಳೀಕ, ಗುಲಾಬಕ್ಕ. ಒಂದೇ ಇದ್ದ್ ಇದ್ದ್ ಅದ್ ಕೊರಗ್ತಿತ್. ಅದ್ಕೂ ಅದ್ರ ಜನ ಬೇಡ್ದಾ?"

ಗುಲಾಬಿ ಹಿಡಿಸೂಡಿ ತೆಗೆದುಕೊಂಡು ಹುಡುಗಿಯ ಕಾಲ ಬುಡದಲ್ಲೇ ಗುಡಿಸಲು ಸುರು ಮಾಡಿದಳು. ಹೋಗು ಅನ್ನಲು ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಹುಡುಗಿ ಹೋದ ಮೇಲೆ ಒಳಗೆ ಕೂತು ಅತ್ತಳು. ಒಂದು ಸಲ ಹೋದವರನ್ನು ಇನ್ನೊಂದು ಸಲ ಕಳಿಸಿ ಅಂದರೆ ಯಾರಿಂದಾಗುತ್ತದೆ? ಅವಳಿಂದ ಆಗುತ್ತಿರಲಿಲ್ಲ.

ಆದರೆ ನೆಲದ ರುಚಿ ಹತ್ತಿದ ಪ್ರಾಣಿ ಅಂಗಳದಲ್ಲಿಯೇ ನಿಲ್ಲುತ್ತದಾ? ಬಸ್ಸಿನವರು ಕಿಟಕಿಯಿಂದ ಬಾಳೆಹಣ್ಣು, ಬನ್ನು ಎಸೆಯುವುದನ್ನು ಕಲಿತರು, ಅದು ಹೆಕ್ಕುವುದನ್ನು ಕಲಿಯಿತು. ಒಂದು ದಿನ ಗುಲಾಬಿಯ ಅಡುಗೆ ತಡವಾಯಿತು. ಎಲೆ ಹಿಡಿದು ಹೊರಗೆ ಬಂದರೆ ಸಿಂಗಳೀಕ ರಸ್ತೆಯ ನಟ್ಟನಡುವೆ ಕೂತು ಅವಳ ಬಾಗಿಲನ್ನೇ ನೋಡುತ್ತಿದೆ. ತಿರುವಿನಲ್ಲಿ ಬಸ್ಸಿನ ಹಾರ್ನ್. ಅವಳು ಕಿರುಚಿದಳು. ಬ್ರೇಕು ಹಾಕಿದ ರಭಸಕ್ಕೆ ಬಸ್ಸಿನೊಳಗಿನವರೆಲ್ಲ ಮುಗ್ಗರಿಸಿದರು. ಬಸ್ಸು ಅಡ್ಡ ತಿರುಗಿ ನಿಂತಾಗ ಸಿಂಗಳೀಕ ಚಕ್ರದ ಎದುರಿನಿಂದ ಹಾರಿ ಹಲಸಿನ ಮರ ಹತ್ತಿತ್ತು. ಕಂಡಕ್ಟರ್ ಸೂರ ಕೆಳಗಿಳಿದ.

"ಗುಲಾಬಕ್ಕ, ಇವತ್ ಬದ್ಕ್ತ್. ನಾಳೆ ನಾವಲ್ದಿದ್ರೆ ಮತ್ತೊಬ್ರ್ ಕೊಲ್ತ್ರ್. ನಿಮ್ ಅನ್ನವೇ ಅದ್ನ ಕೊಲ್ಲುದ್."

ಗುಲಾಬಿ ಎಲೆ ಕೆಳಗಿಟ್ಟು ಅಲ್ಲೇ ಕೂತಳು. ಹೆಣ್ಣು ಸಿಂಗಳೀಕವನ್ನು ತಂದ ಗೋಣಿಚೀಲ ಅವಳ ಕಣ್ಣಿಗೆ ಕಟ್ಟಿತು. ಇದನ್ನು ಗೋಣಿಯಲ್ಲಿ ಹೊತ್ತು ತರಲು ಈಗ ಚಂದಯ್ಯನೂ ಇಲ್ಲ. ಇಲ್ಲ ಅಂತ ಅವಳ ಮನಸ್ಸು ಹೇಳಿತು, ಇದ್ದಾರಲ್ಲ ಅಂತಲೂ ಅದೇ ಮನಸ್ಸು ಹೇಳಿತು. ಇದೊಳ್ಳೆ ಪೇಚಾಟ ಮಾರಾಯ್ರೆ.

ಎಡೆ ನಿಲ್ಲಿಸಬಹುದಾ ಎಂದು ಮುತ್ತ ಭಾವನನ್ನೇ ಕೇಳುವುದು ಅಂತ ಮರುದಿನ ಕಡುಬು ಬೇಯಿಸಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಹೆಮ್ಮಾಡಿಯಲ್ಲಿ ಬಸ್ಸು ಬದಲಿಸಿ, ಹೈವೇಯಿಂದ ಕೊಡೇರಿಗೆ ಇಳಿದು ನಡೆದಾಗ ಉಪ್ಪು ಗಾಳಿ ಮುಖಕ್ಕೆ ಬಡಿಯಿತು. ಎಷ್ಟೋ ವರ್ಷವಾಗಿತ್ತು. ಮುತ್ತನ ಅಂಗಳದಲ್ಲಿ ಮೀನು ಒಣಗಲು ಹಾಕಿದ್ದರು. ಮುದುಕ ಒಂದು ಕೋಲು ಹಿಡಿದುಕೊಂಡು, "ಹಚ್! ಹಚ್! ಹಾಳಾದ್ ಕಾಕಿ!" ಅಂತ ಸುತ್ತು ಬರುತ್ತಿದ್ದ. ಒಂದು ಬದಿ ಓಡಿಸಿದರೆ ಇನ್ನೊಂದು ಬದಿಗೆ ಬಂದು ಕೂರುವ ಕಾಗೆಗಳು. ಗುಲಾಬಿ ಚೀಲ ಹಿಡಿದು ನಿಂತಲ್ಲೇ ನಿಂತಳು.

"ಭಾವಯ್ಯ," ಅಂದಳು. "ನಮ್ ಬದಿಲ್ ಕಾಕಿಯೇ ಇಲ್ಯಲೆ!"

ಮುತ್ತ ಕೋಲು ಇಳಿಸಿದ. ಅವಳ ಮುಖ ನೋಡಿದ, ಕಾಗೆಗಳನ್ನು ನೋಡಿದ. ಹಣೆಗೆ ಬಡಿದುಕೊಂಡ. "ಥೋ, ನನ್ ಬುದ್ಧಿಗೆ ಬೆಂಕಿ ಹಾಕ! ಕಾಕಿ ಇಲ್ದ್ ಜಾಗ್ದಂಗೆ ಕೂತ್ಕಂಡ್ ಕಾಕಿ ಕರ್ದದ್ದಾ ನಾವ್?"

ಆಗಲೇ ಬಂಗಡೆ ತರಿಸಿದರು, ಸಾರು ಮಾಡಿದರು. ಅಳಿವೆಯ ಹತ್ತಿರ ಮರಳಿನ ಮೇಲೆ ಎಲೆ ಹಾಸಿ ಗುಲಾಬಿಯೇ ಬಡಿಸಿದಳು. ಅನ್ನ, ಮೀನು, ಹಲಸಿನ ಕಡುಬು. ಬಡಿಸಿ ಕೈ ಎತ್ತಿ ಇನ್ನೂ ಹಿಂದೆ ಸರಿದಿರಲಿಲ್ಲ, ಒಂದು ಕಾಗೆ ಅವಳ ಸೆರಗಿಗೆ ರೆಕ್ಕೆ ತಾಗಿಸಿಕೊಂಡೇ ಇಳಿಯಿತು. ಕಡುಬಿನ ಕಡೆ ತಲೆಯನ್ನೂ ತಿರುಗಿಸಲಿಲ್ಲ. ನೇರ ಬಂಗಡೆಗೆ ಬಾಯಿ ಹಾಕಿತು.

"ಉಂಡ!" ಅಂತ ಕೈ ಮುಗಿದ ಮುತ್ತ. "ಉಂಡ ನನ್ ತಮ್ಮ. ಆಯ್ತ್ ಗುಲಾಬಿ, ಅವ್ನ್ ದಾರಿ ಸಲೀಸಾಯ್ತ್."

ಎಲ್ಲರಿಗೂ ಎದೆ ಹಗುರವಾಯಿತು, ಗುಲಾಬಿಗೆ ಮಾತ್ರ ಎದೆ ಒಡೆಯಿತು. ಕಡಲಿಗೆ ಬೆನ್ನು ಹಾಕಿ ಹೋದವನು ಸತ್ತ ಮೇಲೆ ಕಡಲ ಬಾಯಲ್ಲೇ ಬಂದು ಕೂತಿದ್ದನಾ? ಮೂರು ವರ್ಷ, ಹಸಿದುಕೊಂಡು? "ನಾ ಅಲ್ಲಿ ದಿನಾ ಬಡ್ಸುದ್, ನೀವ್ ಇಲ್ಲಿ ಉಪಾಸ!" ಅಂತ ಮರಳಿಗೆ ಕೈ ಬಡಿದು ಅತ್ತಳು. ಅಳುವಿನ ನಡುವೆ ಇನ್ನೊಂದು ಮಾತು ಅವಳಿಗೆ ಹೊಳೆಯಿತು, ಅದು ಹೊಳೆದದ್ದೇ ಅಳು ನಿಂತುಹೋಯಿತು. ಉಪ್ಪು ಹೆಚ್ಚಾಯಿತಾ ಅಂತ ಮೂರು ವರ್ಷ ಅವಳು ಕೇಳಿದ್ದು ಯಾರನ್ನು? ಚಂದಯ್ಯ ಇಲ್ಲಿದ್ದ ಅಂದರೆ ಆ ಮನೆಯಲ್ಲಿ ಅವಳ ಜೊತೆ ಯಾರೂ ಇರಲಿಲ್ಲ. ಮೂರು ವರ್ಷ ಅವಳು ಒಬ್ಬಳೇ ಇದ್ದಳು. ಗೊತ್ತಿರಲಿಲ್ಲ, ಅಷ್ಟೇ.

"ಇಲ್ಲೇ ಇದ್ದ್ ಬಿಡ್," ಅಂದ ಮುತ್ತ.

"ಬಪ್ಪುದಿದ್ರೆ ಕಡಿಕೆ ಬತ್ತೆ, ಭಾವಯ್ಯ. ಅಲ್ಲೊಂದ್ ಕೆಲ್ಸ ಬಾಕಿ ಇತ್," ಅಂದು ಸಂಜೆಯ ಬಸ್ಸು ಹತ್ತಿದಳು.

ಮರುದಿನ ಮಧ್ಯಾಹ್ನ ಸಿಂಗಳೀಕ ಬಂತು. ಅಂಗಳದ ಕೊಡಿಯಲ್ಲಿ, ಅದೇ ಜಾಗದಲ್ಲಿ ಕೂತಿತು. ಗುಲಾಬಿ ಮೊದಲ ಸಲ ಅದನ್ನು ಸರಿಯಾಗಿ ನೋಡಿದಳು. ಬಿಳಿ ಗಡ್ಡ ಹೌದು, ಆದರೆ ಚಂದಯ್ಯನ ಮುಖವಲ್ಲ. ಕೂದಲು ಉದುರಿದ ಬೆನ್ನು, ಬಲಗಿವಿಯಲ್ಲಿ ಒಂದು ಹರಕು. ಹಸಿದ ಒಂದು ಕಾಡುಪ್ರಾಣಿ. ಮಂಗವಾದರೆ ಮಂಗ ಅಂತ ಅವಳಿಗನ್ನಿಸಿತು. ಎದುರಿಗೆ ಕೂತು ಉಣ್ಣುವ ಜೀವ ಒಂದು ಬೇಕಲ್ಲ, ಇನ್ನು ಮುಂದೆ ತನಗಾಗಿಯಾದರೂ ಇಟ್ಟರಾಯಿತು. ಎಲೆಗೆ ಅನ್ನ ಹಾಕಿಕೊಂಡು ಹೊಸ್ತಿಲವರೆಗೆ ಬಂದಳು. ಅಲ್ಲಿಂದ ರಸ್ತೆ ಕಾ‌ಣುತ್ತದೆ. ಡಾಂಬರಿನ ಮೇಲೆ ಬಸ್ಸಿನ ಚಕ್ರ ಎಳೆದ ಕಪ್ಪು ಗೆರೆ ಇನ್ನೂ ಇತ್ತು.

ತಿರುಗಿ ಒಳಗೆ ಹೋದಳು. ಬಾಗಿಲು ಹಾಕಿದಳು.

ಅದು ಜಗಲಿಗೇ ಬಂದು ಕೂತು ಕೂಗಿತು. ಅವಳು ಸೆರಗನ್ನು ಕಿವಿಗೆ ತುರುಕಿಕೊಂಡು ಒಲೆಯ ಮುಂದೆ ಕೂತಳು. ಮರುದಿನ ಕಾಯಿ ಕೀಳುವ ಗುಡ್ಡನನ್ನು ಕರೆಸಿ ಹಲಸಿನ ಮರ ಹತ್ತಿಸಿ ಇದ್ದ ಕಾಯಿ, ಹಣ್ಣನ್ನೆಲ್ಲ ಇಳಿಸಿ ಊರಿಗೆ ಹಂಚಿದಳು. ಅಡುಗೆಯ ವಾಸನೆ ಹೋಗಬಾರದು ಅಂತ ಒಲೆ ಹಚ್ಚುವುದನ್ನೇ ಬಿಟ್ಟಳು. ಹತ್ತಿರದ ಮನೆಯವರು ಕೊಟ್ಟ ತಣ್ಣಗಿನ ಗಂಜಿ ಕುಡಿದು ದಿನ ದೂಡಿದಳು. ಬಸ್ಸಿನಿಂದ ತಿಂಡಿ ಎಸೆಯುವವರ ಕೈ ಹಿಡಿಯುವ ಕೆಲಸ ಸೂರ ವಹಿಸಿಕೊಂಡ. ಪ್ರಣೀತಾ ಬಂದು ಬಾಗಿಲು ತಟ್ಟಿದರೆ, ಒಳಗಿನಿಂದಲೇ, "ನಾ ಇಡುದಿಲ್ಲೆ ಮಗಾ. ನೀ ಕಾಣ್, ಅದ್ ನೆಲಕ್ಕಿಳ್ದ್ರೆ ಓಡ್ಸ್," ಅಂದಳು. ಹುಡುಗಿ ಜಗಲಿಯಲ್ಲೇ ಕಾವಲು ಕೂತಳು. ಸಿಂಗಳೀಕ ದಿನ ದಿನಕ್ಕೆ ಸೊರಗಿತು. ಅದು ಬಾಗಿಲ ಕಡೆ ನೋಡುವುದನ್ನು ಗುಲಾಬಿ ಕಿಂಡಿಯಿಂದ ನೋಡುತ್ತಿದ್ದಳು. ಪಾಪಿ ನಾನು, ಪಾಪಿ, ಅಂತ ಗೊಣಗುತ್ತಿದ್ದಳು. ಆದರೂ ಚಿಲಕ ತೆಗೆಯಲಿಲ್ಲ.

ಮೊದಲ ಮಳೆ ಬಿದ್ದ ಬೆಳಿಗ್ಗೆ ಮೇಲಿನ ಕಾಡಿನಲ್ಲಿ ಗುಂಪು ರಸ್ತೆಯ ಹತ್ತಿರಕ್ಕೆ ಬಂದಿತ್ತು. ಕೂಗು ಜೋರಾಗಿ ಕೇಳುತ್ತಿತ್ತು. ಪ್ರಣೀತಾ ಮೆಲ್ಲ ಬಾಗಿಲು ಬಡಿದಳು. "ಗುಲಾಬಕ್ಕ, ಬನ್ನಿ, ಬನ್ನಿ."

ಸಿಂಗಳೀಕ ಹಗ್ಗದ ಮೇಲಿತ್ತು. ಒದ್ದೆ ಹಗ್ಗ ತೂಗುತ್ತಿತ್ತು. ನಡು ಮಧ್ಯಕ್ಕೆ ಹೋಗುವಾಗ ಕೆಳಗೆ ಬಸ್ಸು ಬಂತು, ಅದು ಹೊಟ್ಟೆ ತಾಗಿಸಿ ಅಂಟಿಕೊಂಡಿತು. ಗುಲಾಬಿ ಜಗಲಿಯ ಕಂಬ ಹಿಡಿದುಕೊಂಡಳು. ಸೂರನ ಬಸ್ಸು ಹಾರ್ನ್ ಹೊಡೆಯದೆ ಮೆಲ್ಲ ದಾಟಿ ಹೋಯಿತು. ಸಿಂಗಳೀಕ ಎದ್ದು, ಒಂದೊಂದೇ ಕೈ ಮುಂದಿಟ್ಟು, ಧೂಪದ ಮರ ಮುಟ್ಟಿ, ಎಲೆಗಳ ಒಳಗೆ ಹೋಗಿಯೇಬಿಟ್ಟಿತು. ತಿರುಗಿ ನೋಡಲಿಲ್ಲ.

ಗುಲಾಬಿ ಮಳೆಯಲ್ಲೇ ರಸ್ತೆಗೆ ಓಡಿದಳು. "ಹ್ವಾಯ್! ಒಂದ್ ಸಲ ತಿರ್ಗಿ ಕಂಡ್ರೆ ನಿನ್ ಗಂಟ್ ಎಂತ ಹೋತಿತ್ತಾ?" ಅಂತ ಮೇಲೆ ನೋಡಿ ಬೈದಳು. ಬೈಯುತ್ತಾ ಬೈಯುತ್ತಾ ಅತ್ತಳು. ಮೇಲಿನ ಕಾಡಿನಲ್ಲಿ ಒಂದು ಕೂಗಿಗೆ ಹತ್ತಾರು ಕೂಗು ಸೇರಿದವು.

"ಸೇರ್ತ್ ಗುಲಾಬಕ್ಕ! ಗುಂಪಿಗೆ ಸೇರ್ತ್!" ಅಂತ ಪ್ರಣೀತಾ ಅವಳ ಕೈ ಹಿಡಿದುಕೊಂಡಳು.

"ಸೇರ್ಲಿ," ಅಂದಳು ಗುಲಾಬಿ. "ಒಬ್ರಾರೂ ಸೇರ್ಲಿ."

ಹುಡುಗಿಯ ಜೀಪು ಹೋದ ಮೇಲೆ ಒಳಗೆ ಬಂದು, ಎಷ್ಟೋ ದಿನದ ಮೇಲೆ ಒಲೆ ಹಚ್ಚಿದಳು. ಎಸರಿಟ್ಟು ಡಬ್ಬಿಗೆ ಕೈ ಹಾಕಿ ಅಕ್ಕಿ ಅಳೆದಳು. ಅಳೆದದ್ದರಲ್ಲಿ ಸ್ವಲ್ಪ ತಿರುಗಿ ಡಬ್ಬಿಗೆ ಸುರಿದಳು. ಇನ್ನೂ ಸ್ವಲ್ಪ ಸುರಿದಳು. ಎಸರು ಕುದಿಯುತ್ತಿತ್ತು. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕು ಅಂತ ಅವಳಿಗೆ ಗೊತ್ತಿರಲಿಲ್ಲ.